ಕಂಠಪಾಠವಾಗಿದ್ದ ಎಂಟು ಭಾವಗಳು

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಎಂದಿನಂತೆ ಹಳಗನ್ನಡ ಕಾವ್ಯವನ್ನು ಕುರಿತೋ ಶರಣ ಸಾಹಿತ್ಯವನ್ನು ಕುರಿತೋ ಬರೆದೇನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ಕುರಿತು ಈ ಸಂಚಿಕೆಗಳಲ್ಲಿ ಹಿಂದೆ ಹಲವು ಸಲ ಬರೆದಿದ್ದೇನೆ. ಈ ಸಲ ನನ್ನಿಂದಾದ ಒಂದು ತಪ್ಪನ್ನು, ಆ ತಪ್ಪಿನಿಂದ ನಾನು ಕಲಿತ ಒಂದು ಪಾಠವನ್ನು ವಾಚಕರ ಮುಂದಿಡಬಯಸುತ್ತೇನೆ. ಇದರಲ್ಲಿ ಬರುವ ವಿದ್ಯಾರ್ಥಿಯ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿದ್ದೇನೆ. ಆತನ ಹೆಸರನ್ನು ಮಾತ್ರ ಬರೆಯುವುದಿಲ್ಲ.

2010ರ ಜುಲೈ ತಿಂಗಳು. ಎಂಟನೆಯ ತರಗತಿಗೆ ಮಳೆಗಾಲದ ವರ್ಣನೆಯುಳ್ಳ ಒಂದು ಪದ್ಯವನ್ನು ಪಾಠ ಮಾಡುತ್ತಿದ್ದೆ. ನಮ್ಮ ಹಳೆಯ ಕಟ್ಟಡದ ಆ ಕೊಠಡಿಗೆ ಆಗ ತಗಡಿನ ಮಾಡು. ಪಾಠದ ನಡುವೆ ಮಳೆ ಬಂದಿತು. ತಗಡಿನ ಮೇಲೆ ಹನಿಗಳು ಬೀಳತೊಡಗಿದವು. ಕಾವ್ಯದಲ್ಲಿ ಮಳೆ, ಮಾಡಿನ ಮೇಲೆಯೂ ಮಳೆ. ಇಂಥ ಯೋಗ ಅಧ್ಯಾಪಕನಿಗೆ ದಿನವೂ ದೊರೆಯುವುದಿಲ್ಲವೆಂದು ನಾನು ಹಿಗ್ಗಿದೆ. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಹುಡುಗನೊಬ್ಬನನ್ನು ಎಬ್ಬಿಸಿ ಮುಂದಿನ ಪದ್ಯವನ್ನು ಓದೆಂದೆ. ಆತ ಆ ವರ್ಷವೇ ಮಠದ ಪ್ರಸಾದ ನಿಲಯಕ್ಕೆ ಸೇರಿದ ಹುಡುಗ. ಎದ್ದು ನಿಂತನೇ ಹೊರತು ಓದಲಿಲ್ಲ. ಇನ್ನೊಮ್ಮೆ ಹೇಳಿದೆ. ತುಟಿ ಅಲುಗಿತು, ದನಿ ಹೊರಡಲಿಲ್ಲ. ಏಕೆಂದು ಕೇಳಿದರೆ, "ಗೊತ್ತಿಲ್ರಿ ಸರ" ಎಂಬುದೊಂದೇ ಉತ್ತರ, ಅದೂ ಒಡೆದ ದನಿಯಲ್ಲಿ. ಉದ್ಧಟತನವೆಂದು ಬಗೆದ ನಾನು ಪುಸ್ತಕವನ್ನು ಹಿಡಿದು ಹೊರಗಿನ ಪಡಸಾಲೆಯಲ್ಲಿ ನಿಲ್ಲುವಂತೆ ಆಜ್ಞಾಪಿಸಿದೆ. ಅಲ್ಲಿ ಮಳೆಯ ಸದ್ದು ಒಳಗಿಗಿಂತ ಹೆಚ್ಚು. ಐದು ನಿಮಿಷ ಕಳೆದಿರಲಾರದು. ಏನೋ ಬಿದ್ದ ಸಪ್ಪಳವಾಯಿತು. ಓಡಿಹೋಗಿ ನೋಡಿದರೆ ಹುಡುಗ ಎಚ್ಚರತಪ್ಪಿ ಬಿದ್ದಿದ್ದ.

ಮರುದಿನ ಆತನ ತಾಯಿ ಬಂದರು. ಅವರ ಊರು ಮಲಪ್ರಭೆಯ ದಂಡೆಯ ಮೇಲಿನದು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಆ ಭೀಕರ ಮಳೆಯನ್ನು ನಮ್ಮ ಭಾಗದವರಾರೂ ಮರೆತಿಲ್ಲ. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮನೆಗಳು ಬಿದ್ದವು. ಬಿದ್ದವುಗಳಲ್ಲಿ ಹೆಚ್ಚಿನವು ಮಣ್ಣಿನ ಗೋಡೆಯ ಮನೆಗಳು. ಆ ಒಂದು ರಾತ್ರಿ ಹುಡುಗನು ಕೊಟ್ಟಿಗೆಯ ತಗಡಿನಡಿ ದನಗಳ ಹಗ್ಗ ಬಿಚ್ಚುತ್ತಿದ್ದಾಗ ಒಳಗೆ ಗೋಡೆ ಕುಸಿದು, ಮಲಗಿದ್ದ ಆಯಿ ತೀರಿಕೊಂಡಿದ್ದಳು. "ಮಳಿ ಜೋರಾತಂದ್ರ ಹಿಂಗ ಆಗ್ತಾನ್ರಿ. ಅವಂದೇನೂ ತಪ್ಪಿಲ್ರಿ ಸರ" ಎಂದು ಆ ತಾಯಿ ನನ್ನ ಮುಂದೆ ಕೈ ಜೋಡಿಸಿದರು. ಕೈ ಜೋಡಿಸಬೇಕಾದವನು ನಾನಾಗಿದ್ದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಾಠಶಾಲೆಯಲ್ಲಿ ವಿದ್ವತ್ ತರಗತಿಗೆ ಓದುವಾಗ ಭರತಮುನಿಯ ನಾಟ್ಯಶಾಸ್ತ್ರದ ಭಾವಾಧ್ಯಾಯವನ್ನು ನಮ್ಮ ಗುರುಗಳು ಬಾಯಿಪಾಠ ಮಾಡಿಸಿದ್ದರು. ಸ್ಥಾಯಿ ಎಂಟು, ವ್ಯಭಿಚಾರಿ ಮೂವತ್ತಮೂರು, ಸಾತ್ತ್ವಿಕ ಎಂಟು, ಒಟ್ಟು ನಲವತ್ತೊಂಬತ್ತು ಭಾವಗಳು. ಸಾತ್ತ್ವಿಕಗಳಾವುವು? ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳಬಲ್ಲೆ. ಈಗ ಒಂದೊಂದನ್ನೇ ನೆನೆದೆ. ಹುಡುಗ ಕಂಬದಂತೆ ನಿಂತಿದ್ದ. ಹಣೆಯ ಮೇಲೆ ಬೆವರಿತ್ತು. ಮುಂಗೈಯ ರೋಮ ನಿಮಿರಿತ್ತು. ದನಿ ಒಡೆದಿತ್ತು. ಕೈಯಲ್ಲಿಯ ಪುಸ್ತಕ ನಡುಗುತ್ತಿತ್ತು. ಮುಖ ಬಿಳಿಚಿತ್ತು. ಕಣ್ಣಲ್ಲಿ ನೀರಿತ್ತು. ಕೊನೆಗೆ ಎಚ್ಚರತಪ್ಪಿ ಬಿದ್ದ. ಎಂಟಕ್ಕೆ ಎಂಟೂ ನನ್ನ ಕಣ್ಣೆದುರಿಗೆ ಸಾಲಾಗಿ ಬಂದು ನಿಂತಿದ್ದವು. ನಾನು ಅವುಗಳಲ್ಲಿ ಒಂದನ್ನೂ ಗುರುತಿಸಲಿಲ್ಲ. ಅದೇ ತಿಂಗಳು ಮೇಲಿನ ತರಗತಿಯ ಮಕ್ಕಳಿಗೆ ಈ ಪಟ್ಟಿಯನ್ನು ಪರೀಕ್ಷೆಗೆಂದು ಬರೆಸಿದ್ದೆನೆಂಬುದು ನೆನಪಾಗಿ ನಾಚಿಕೆಯಾಯಿತು.

ಹುಡುಗನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯೆಯ ಬಳಿಗೆ ಕರೆದೊಯ್ಯಬೇಕೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದರು. ಕರೆದೊಯ್ಯುವ ಹೊಣೆಯನ್ನು ನನಗೇ ವಹಿಸಿದರು. ಅಂದಿನವರೆಗೆ ಮನೋವೈದ್ಯರೆಂದರೆ ಹುಚ್ಚರ ವೈದ್ಯರೆಂಬುದೇ ನನ್ನ ತಿಳಿವಳಿಕೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಎನಿಸಿದುದನ್ನು ಕೇಳಿ ಬಲ್ಲೆ. ಆದರೆ ಆ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ತರಬೇತುಗೊಳಿಸಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸುವ ಪ್ರಯೋಗವನ್ನು ನಡೆಸಿದರೆಂಬುದೂ, ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತೆಂಬುದೂ ನನಗೆ ತಿಳಿದುದು ಆ ವೈದ್ಯೆಯಿಂದಲೇ.

ಹುಡುಗನನ್ನು ಒಂದು ಗಂಟೆಯ ಕಾಲ ಮಾತನಾಡಿಸಿ ಕಳುಹಿಸಿದ ಮೇಲೆ ಅವರು ನನ್ನನ್ನು ಕರೆದು, "ಗುರುಗಳೆ, ‘ಅಂಜಬೇಡ’ ಅಂತ ಅವನಿಗೆ ಯಾರೂ ಹೇಳಬೇಡಿ. ಅಂಜಿಕೆಗೆ ಆಜ್ಞೆ ಕೇಳುವ ಕಿವಿ ಇಲ್ಲ" ಎಂದರು. ಈ ಮಾತು ನನ್ನನ್ನು ಬಹಳ ಕಾಡಿತು. ಮೂವತ್ತು ಮಕ್ಕಳ ತರಗತಿಯನ್ನು ಆಜ್ಞೆಯಿಂದಲೇ ನಡೆಸುವವನು ನಾನು. ಆಜ್ಞೆ ಮುಟ್ಟದ ಒಂದು ಸ್ಥಳ ಮನುಷ್ಯನೊಳಗೆ ಇದೆಯೆಂದರೆ ಅದು ಎಲ್ಲಿದೆ, ಹೇಗಿದೆ ಎಂದು ತಿಳಿಯಬೇಕೆನಿಸಿತು. ‘ಕೊರವಂಜಿ’ಯ ಸಂಪಾದಕರಾಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ವನ್ನು ಓದಿದೆ, 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಆ ಕೃತಿಯನ್ನು ಅಲ್ಲಿಯವರೆಗೆ ತೆರೆದೇ ಇರಲಿಲ್ಲ. ಇಂಗ್ಲಿಷ್ ಪುಸ್ತಕಗಳನ್ನು ನಮ್ಮ ವಿಜ್ಞಾನ ಶಿಕ್ಷಕ ಮಿತ್ರರು ಸಂಜೆಯ ಹೊತ್ತು ಓದಿ ತಿಳಿಸಿದರು. ಹಾಗೆ ವರ್ಷಗಟ್ಟಲೆ ಕೂಡಿಸಿಕೊಂಡ ತಿಳಿವಿನ ಸಾರಾಂಶವನ್ನು ಇಲ್ಲಿ ಹೇಳುತ್ತೇನೆ.

ಭಾವವು ಮೊದಲು ಮನಸ್ಸಿನಲ್ಲಿ ಹುಟ್ಟಿ ಬಳಿಕ ದೇಹದಲ್ಲಿ ತೋರುತ್ತದೆಂಬುದು ಲೋಕದ ನಂಬಿಕೆ. ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ ಇದನ್ನು ತಿರುಗುಮುರುಗು ಮಾಡಿದನು: ಎದೆ ಬಡಿದುಕೊಳ್ಳುವುದು, ಕೈಕಾಲು ನಡುಗುವುದು ಮೊದಲು, ಆ ಬಡಿತವನ್ನೂ ನಡುಕವನ್ನೂ ಅರಿಯುವುದೇ ಭಯ ಎಂದನು. ವಾಲ್ಟರ್ ಕ್ಯಾನನ್ 1927ರಲ್ಲಿ ಇದನ್ನು ಖಂಡಿಸಿದನು; ಎದೆಬಡಿತ ಸಿಟ್ಟಿನಲ್ಲಿಯೂ ಇದೆ, ಜ್ವರದಲ್ಲಿಯೂ ಇದೆ, ಅದೊಂದರಿಂದಲೇ ಭಾವಭೇದ ಹೇಗಾದೀತು ಎಂಬುದು ಆತನ ಆಕ್ಷೇಪ. ವಾದ ಇಂದಿಗೂ ಪೂರ್ತಿಯಾಗಿ ಮುಗಿದಿಲ್ಲ. ಆದರೆ ದೇಹವು ಭಾವದ ಸೇವಕನಲ್ಲ, ಸಹಭಾಗಿ ಎಂಬುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ.

ಮಿದುಳಿನ ಎರಡು ಪಕ್ಕಗಳಲ್ಲಿ, ಕಿವಿಯ ನೇರಕ್ಕೆ ಒಳಗೆ, ಬಾದಾಮಿ ಬೀಜದಷ್ಟಿರುವ ಒಂದೊಂದು ಅಂಗವಿದೆ. ಬಾದಾಮಿಗಿರುವ ಗ್ರೀಕ್ ಹೆಸರೇ ಅದಕ್ಕೆ: ಅಮಿಗ್ಡಲ. ಕೇಡನ್ನು ಸೂಚಿಸುವ ಸುಳಿವು ಕಂಡೊಡನೆ ಇದು ಎಚ್ಚರಗೊಂಡು ಕೆಳಗಿನ ಹೈಪೋಥಲಮಸ್ಸಿಗೂ ಮಿದುಳಿನ ಕಾಂಡಕ್ಕೂ ಸುದ್ದಿ ಮುಟ್ಟಿಸುತ್ತದೆ. ಒಡನೆಯೇ ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ಅಡ್ರಿನಲಿನ್ ರಸವನ್ನು ಸುರಿಸುತ್ತವೆ. ಎದೆ ಬಡಿಯುತ್ತದೆ, ಬೆವರು ಒಡೆಯುತ್ತದೆ, ಚರ್ಮದ ರಕ್ತನಾಳಗಳು ಕುಗ್ಗಿ ಮುಖ ಬಿಳಿಚುತ್ತದೆ, ರೋಮ ನಿಮಿರುತ್ತದೆ. ಓಡಲಾಗದ ಪ್ರಾಣಿ ಅಲುಗದೆ ನಿಂತುಬಿಡುತ್ತದೆ. ನಾವು ಎಂಟೆಂದು ಎಣಿಸಿದವುಗಳಲ್ಲಿ ಹಲವಕ್ಕೆ ಇಲ್ಲಿ ಕಾರಣ ದೊರೆಯಿತು. ಜೋಸೆಫ್ ಲೆಡೂ ಎಂಬ ವಿಜ್ಞಾನಿ 1980ರ ದಶಕದಿಂದ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಕಿವಿಗೆ ಬಿದ್ದ ಸದ್ದು ಅಮಿಗ್ಡಲವನ್ನು ಮುಟ್ಟಲು ಎರಡು ದಾರಿಗಳಿವೆ: ಒಂದು, ವಿಚಾರ ಮಾಡುವ ಮಿದುಳಿನ ತೊಗಟೆಯನ್ನು ಸುತ್ತಿಕೊಂಡು ಬರುವ ಹೆದ್ದಾರಿ, ಇನ್ನೊಂದು, ಅದನ್ನು ಕೇಳದೆಯೇ ಬರುವ ಕಾಲುದಾರಿ. ಇಲಿಯಲ್ಲಿ ಈ ಕಾಲುದಾರಿಯ ಪಯಣಕ್ಕೆ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಸುಮಾರು ಹನ್ನೆರಡು ಪಾಲು ಸಾಕು. ‘ಇದು ಶಾಲೆಯ ತಗಡು, ಮನೆಯ ತಗಡಲ್ಲ’ ಎಂದು ಬುದ್ಧಿ ಹೇಳುವಷ್ಟರಲ್ಲಿ ದೇಹ ತನ್ನ ಕೆಲಸವನ್ನು ಮೊದಲುಮಾಡಿಬಿಟ್ಟಿರುತ್ತದೆ.

"ಗೊತ್ತಿಲ್ರಿ ಸರ" ಎಂಬ ಆ ಹುಡುಗನ ಉತ್ತರವು ಸುಳ್ಳಲ್ಲವೆಂದು ನನಗೆ ಮನವರಿಕೆಯಾದುದು ಎರಡು ಹಳೆಯ ಪ್ರಸಂಗಗಳಿಂದ. ಜಿನೀವಾದ ವೈದ್ಯ ಕ್ಲಾಪರೇಡ್ 1911ರಲ್ಲಿ ಬರೆದುದು ಮೊದಲನೆಯದು. ಆತನ ಬಳಿ ಹೊಸ ನೆನಪುಗಳೇ ನಿಲ್ಲದ ಒಬ್ಬ ಹೆಂಗಸಿದ್ದಳು. ವೈದ್ಯನನ್ನು ದಿನವೂ ಹೊಸಬನೆಂದೇ ಕಾಣುವಳು. ಒಂದು ದಿನ ಆತ ಬೆರಳ ಸಂದಿಯಲ್ಲಿ ಗುಂಡುಸೂಜಿಯನ್ನು ಅಡಗಿಸಿ ಆಕೆಯ ಕೈಯನ್ನು ಚುಚ್ಚಿದನು. ಅನಂತರ ಆತ ಕೈ ನೀಡಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂದು ಹೇಳಲು ಮಾತ್ರ ಆಕೆಗೆ ತಿಳಿಯಲಿಲ್ಲ. ಎರಡನೆಯದು 1995ರಲ್ಲಿ ದಮಾಸಿಯೊ ಮತ್ತು ಸಂಗಡಿಗರು ಪ್ರಕಟಿಸಿದ್ದು. ಒಂದು ಬಣ್ಣವನ್ನು ತೋರಿಸಿದೊಡನೆ ಹಡಗಿನ ಕೊಂಬಿನ ಕರ್ಕಶ ಧ್ವನಿಯನ್ನು ಕೇಳಿಸುತ್ತಿದ್ದರು. ಅಮಿಗ್ಡಲ ಕೆಟ್ಟಿದ್ದ ರೋಗಿಯು ಯಾವ ಬಣ್ಣದ ಬೆನ್ನಿಗೆ ಧ್ವನಿ ಬರುವುದೆಂದು ಸರಿಯಾಗಿ ಹೇಳಿದರೂ ಆಕೆಯ ಕೈ ಬೆವರಲಿಲ್ಲ. ನೆನಪಿನ ಅಂಗವಾದ ಹಿಪ್ಪೋಕ್ಯಾಂಪಸ್ ಕೆಟ್ಟಿದ್ದ ರೋಗಿಗೆ ಕೈ ಬೆವರಿತು, ಯಾವ ಬಣ್ಣವೆಂಬುದು ತಿಳಿಯಲಿಲ್ಲ. ಅರಿವು ಒಂದು ಕಡೆ, ಅಂಜಿಕೆ ಒಂದು ಕಡೆ. ನಾನು ಹುಡುಗನ ಅರಿವನ್ನು ಕೇಳುತ್ತಿದ್ದೆ. ಉತ್ತರವಿದ್ದುದು ಆತನ ಮೈಯಲ್ಲಿ.

ಹಾಗಾದರೆ ಚಿಕಿತ್ಸೆ ಹೇಗೆ? ವೈದ್ಯೆ ನನಗೆ ಒಂದು ಕೆಲಸವನ್ನು ಒಪ್ಪಿಸಿದರು. ಮುಂದಿನ ಮಳೆಯಲ್ಲಿ ತಗಡಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತರಬೇಕು. ತಂದುಕೊಟ್ಟೆ. ಅದನ್ನು ತಮ್ಮ ಕೊಠಡಿಯಲ್ಲಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ ಹುಡುಗನಿಗೆ ಕೇಳಿಸಿದರು. "ಸೊನ್ನೆಯಿಂದ ಹತ್ತರೊಳಗೆ ಈಗ ಎಷ್ಟು?" ಎಂದು ಕೇಳುವರು. "ಎಂಟ್ರಿ" ಎನ್ನುವನು. ಸದ್ದನ್ನು ನಿಲ್ಲಿಸದೆ, ಹೆಚ್ಚಿಸದೆ ಕಾಯುವರು. ಆರಾಗುವುದು, ನಾಲ್ಕಾಗುವುದು. ಆಮೇಲೆಯೇ ಸದ್ದು ಒಂದು ಕೂದಲೆಳೆಯಷ್ಟು ಏರುವುದು. ಕೆಲವು ವಾರಗಳ ಮೇಲೆ ಶಾಲೆಯ ಪಡಸಾಲೆಯಲ್ಲಿ, ಸೋನೆ ಮಳೆಯಲ್ಲಿ, ನನ್ನ ಪಕ್ಕದಲ್ಲಿ ಕುಳಿತು ಇದೇ ಅಭ್ಯಾಸ. ಆತನನ್ನು ನಾನು ಯಾವ ಪಡಸಾಲೆಯಲ್ಲಿ ಒಂಟಿಯಾಗಿ ನಿಲ್ಲಿಸಿದ್ದೆನೋ ಅದೇ ಪಡಸಾಲೆ. ಆತ ನನ್ನ ಕೈಯನ್ನು ಹಿಡಿದುಕೊಳ್ಳುತ್ತಿದ್ದ. ನಾನು ಮಾತಾಡಬಾರದೆಂದು ವೈದ್ಯೆಯ ಕಟ್ಟಪ್ಪಣೆ. ಪಂಡಿತನಿಗೆ ಅದೇ ಕಠಿಣ ತಪಸ್ಸು.

ಈ ಕ್ರಮ ಹೊಸದಲ್ಲ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲವನ್ನು ಕಂಡರೆ ಅಂಜುತ್ತಿದ್ದ ಮೂರು ವರ್ಷದೊಳಗಿನ ಪೀಟರ್ ಎಂಬ ಮಗುವಿನ ಅಂಜಿಕೆಯನ್ನು ಬಿಡಿಸಿದ ವೃತ್ತಾಂತವನ್ನು ಪ್ರಕಟಿಸಿದಳು. ಮಗುವು ತನಗೆ ಪ್ರಿಯವಾದುದನ್ನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದಳು. ಅಂಜದ ಬೇರೆ ಮಕ್ಕಳು ಮೊಲದೊಡನೆ ಆಡುವುದನ್ನು ತೋರಿಸಿದಳು. ಕೊನೆಗೆ ಮಗು ಮೊಲವನ್ನು ಕೈಯಿಂದ ಸವರಿತು. ಜೋಸೆಫ್ ವೋಲ್ಪೆ ಎಂಬ ವೈದ್ಯನು 1958ರಲ್ಲಿ ಇದಕ್ಕೆ ಚಿಕಿತ್ಸೆಯ ಒಂದು ಶಿಸ್ತಾದ ಪದ್ಧತಿಯ ರೂಪವನ್ನು ಕೊಟ್ಟನು.

ಇಲ್ಲಿ ಒಳಗೆ ನಡೆಯುವುದೇನು? ಹಳೆಯ ಅಂಜಿಕೆ ಅಳಿಸಿಹೋಗುತ್ತದೆಂದು ನಾನು ತಿಳಿದಿದ್ದೆ, ಅದು ಸರಿಯಲ್ಲ. ‘ಈ ಸದ್ದಿನ ಬೆನ್ನಿಗೆ ಕೇಡು’ ಎಂಬ ಹಳೆಯ ಪಾಠದ ಪಕ್ಕದಲ್ಲಿ ‘ಈ ಸದ್ದಿನ ಬೆನ್ನಿಗೆ ಏನೂ ಆಗಲಿಲ್ಲ’ ಎಂಬ ಹೊಸ ಪಾಠವೊಂದು ಬರೆಯಲ್ಪಡುತ್ತದೆ. ಹಣೆಯ ಹಿಂದಿರುವ ಮಿದುಳಿನ ತೊಗಟೆಯ ಒಂದು ಭಾಗವು ಆ ಹೊಸ ಪಾಠದ ಬಲದಿಂದ ಅಮಿಗ್ಡಲವನ್ನು ತಡೆದು ನಿಲ್ಲಿಸುತ್ತದೆ. ಹಳೆಯದು ಕೆಳಗೆ ಇದ್ದೇ ಇರುತ್ತದೆ. ಕಾಲ ಕಳೆದರೆ, ಸ್ಥಳ ಬದಲಾದರೆ ಮತ್ತೆ ತಲೆಯೆತ್ತೀತು. ಮರೆಯಾದ ಕಲಿಕೆ ಹೀಗೆ ತಾನಾಗಿ ಮರಳುವುದನ್ನು ರಷ್ಯದ ಪಾವ್ಲೋವನು ನಾಯಿಗಳಲ್ಲಿಯೇ ಕಂಡಿದ್ದನು. ಆದುದರಿಂದ ಒಮ್ಮೆ ಗುಣವಾದವನಲ್ಲಿ ಅಂಜಿಕೆ ಮರುಕಳಿಸಿದರೆ ಅದನ್ನು ಸೋಲೆಂದು ಎಣಿಸಬಾರದು. ಹೊಸ ಪಾಠಕ್ಕೆ ಇನ್ನೊಂದು ಆವೃತ್ತಿ ಬೇಕೆಂದು ಅರ್ಥ.

ಶ್ರಾವಣ ಮಾಸದ ಒಂದು ಸಂಜೆ ಮಳೆ ಜೋರಾಗಿತ್ತು. ಹುಡುಗ "ಮೂರ್ರಿ" ಎಂದ. ನನಗೆ ಸಂತೋಷವಾಯಿತು. ಆತನ ಮುಖದಲ್ಲಿ ಸಂತೋಷವಿರಲಿಲ್ಲ. "ಅಂಜಿಕಿ ಕಮ್ಮಿ ಆಗೈತ್ರಿ ಸರ. ಆದ್ರ ಎದ್ಯಾಗ ಬ್ಯಾರೇ ಏನೋ ಕುಂತೈತ್ರಿ" ಎಂದ. ಏನದು ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ಆಯಿ ನನ್ನ ಕರದಿದ್ಲೋ ಏನೋ. ತಗಡಿನ ಸಪ್ಪಳದಾಗ ನನಗ ಕೇಳಿಸಲಿಲ್ರಿ" ಎಂದು ಹೇಳಿ ಬಿಕ್ಕಿ ಬಿಕ್ಕಿ ಅತ್ತ.

ನಾನು ಎರಡನೆಯ ಸಲವೂ ತಪ್ಪಿ ಓದಿದ್ದೆ. ಆತನಲ್ಲಿದ್ದುದನ್ನು ಭಯವೆಂದು ತಿಳಿದು ಭಯಾನಕದ ಲೆಕ್ಕಕ್ಕೆ ಸೇರಿಸಿದ್ದೆ. ನಾಟ್ಯಶಾಸ್ತ್ರದಲ್ಲಿ ಮೂವತ್ತಮೂರು ವ್ಯಭಿಚಾರಿಗಳ ಪೈಕಿ ತ್ರಾಸವೆಂಬುದೊಂದಿದೆ. ಮಿಂಚು, ಸಿಡಿಲು, ಮೋಡದ ಮೊಳಗು ಮುಂತಾದುವು ಅದಕ್ಕೆ ಕಾರಣಗಳೆಂದು ಭರತನು ಹೇಳುತ್ತಾನೆ. ಅದು ಬಂದು ಹೋಗುವ ಭಾವ, ತೆರೆಯಂತೆ. ಈ ಹುಡುಗನಲ್ಲಿ ಕಂಡದ್ದು ಆ ತೆರೆ; ಕೆಳಗೆ ನಿಂತ ನೀರಾಗಿದ್ದ ಸ್ಥಾಯಿ ಶೋಕ. ಆ ಶೋಕದೊಡನೆ, ತಾನು ಕೇಳಿಸಿಕೊಳ್ಳದೆ ಹೋದೆನೆಂಬ ಒಂದು ಅಪರಾಧದ ಅಳಲು ಗಂಟುಬಿದ್ದಿತ್ತು.

ವೈದ್ಯೆಗೆ ಇದನ್ನು ತಿಳಿಸಿದಾಗ ಅವರು ಅಚ್ಚರಿಪಡಲಿಲ್ಲ. ಮೇಲೆ ತೋರುವ ಭಾವ ಒಂದು, ಅದರ ಅಡಿಯಲ್ಲಿರುವ ಮೂಲಭಾವ ಇನ್ನೊಂದು ಇರಬಹುದೆಂದೂ, ಮೂಲವನ್ನು ಮುಟ್ಟದೆ ನೋವು ಕರಗದೆಂದೂ ಕೆನಡಾದ ಟೊರಾಂಟೊದಲ್ಲಿ ಲೆಸ್ಲಿ ಗ್ರೀನ್‌ಬರ್ಗ್ ಎಂಬವರು 1980ರ ದಶಕದಿಂದ ಬೆಳೆಸಿದ ಚಿಕಿತ್ಸಾಪದ್ಧತಿ ಹೇಳುತ್ತದೆ. ಒಂದು ಭಾವವನ್ನು ತರ್ಕದಿಂದ ಗೆಲ್ಲುವುದಕ್ಕಿಂತ ಇನ್ನೊಂದು ಭಾವದಿಂದ ಬದಲಿಸುವುದು ಸುಲಭವೆಂಬುದು ಅವರ ಮತ. ಅಪರಾಧದ ಅಳಲಿಗೆ ‘ನಿನ್ನ ತಪ್ಪಿಲ್ಲ’ ಎಂಬ ವಾದ ಮದ್ದಲ್ಲ. ಕಳೆದುಕೊಂಡವರನ್ನು ಕುರಿತ ಪ್ರೀತಿಯೂ ದುಃಖವೂ ತಡೆಯಿಲ್ಲದೆ ಹರಿದರೆ ಆ ಅಳಲು ತಾನೇ ಸಡಿಲುತ್ತದೆ. ಮುಂದಿನ ಸಲ ವೈದ್ಯೆ ಹುಡುಗನ ಎದುರಿಗೆ ಒಂದು ಖಾಲಿ ಕುರ್ಚಿಯನ್ನಿಟ್ಟು, ಅದರಲ್ಲಿ ಆಯಿ ಕುಳಿತಿದ್ದಾಳೆಂದು ಬಗೆದು ಮಾತಾಡೆಂದರಂತೆ. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಒಳಗೆ ಆತ ಏನು ಹೇಳಿದನೆಂದು ನಾನೂ ಕೇಳಲಿಲ್ಲ, ಆತನೂ ಹೇಳಲಿಲ್ಲ. ಹೊರಬಂದಾಗ ಕಣ್ಣು ಕೆಂಪಾಗಿದ್ದವು. ಆ ರಾತ್ರಿ ಪ್ರಸಾದ ನಿಲಯದಲ್ಲಿ ಆತ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡನೆಂದು ಅಡುಗೆಯವರು ಹೇಳಿದರು.

ಭಾವಕ್ಕೆ ಹೆಸರಿಡುವುದರಿಂದಲೇ ಸ್ವಲ್ಪ ಉಪಶಮನವಾಗುತ್ತದೆಂಬುದಕ್ಕೂ ಇಂದು ಪ್ರಯೋಗಗಳ ಆಧಾರವಿದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು, ಸಿಟ್ಟಿನ ಮತ್ತು ಅಂಜಿಕೆಯ ಮುಖಗಳ ಚಿತ್ರಗಳನ್ನು ತೋರಿಸಿ, ಮಿದುಳಿನ ಚಟುವಟಿಕೆಯನ್ನು ಯಂತ್ರದಿಂದ ಅಳೆದರು. ಆ ಭಾವದ ಹೆಸರನ್ನು ಆರಿಸಿ ಹೇಳಿದಾಗ ಅಮಿಗ್ಡಲದ ಚಟುವಟಿಕೆ ತಗ್ಗಿತು. ಹಣೆಯ ಹಿಂದಿನ ಒಂದು ಭಾಗದ್ದು ಏರಿತು. 2012ರಲ್ಲಿ ಅದೇ ಬಳಗದವರು ಜೇಡನಿಗೆ ಅಂಜುವ 88 ಜನರನ್ನು ಜೀವಂತ ಜೇಡನ ಎದುರಿಗೆ ನಿಲ್ಲಿಸಿದರು. ತಮಗಾಗುವ ಅಂಜಿಕೆಯನ್ನು ಮಾತಿನಲ್ಲಿ ಹೇಳಿಕೊಂಡವರ ಕೈ, ವಾರದ ಮೇಲೆ ಮತ್ತೆ ಜೇಡನ ಮುಂದೆ ನಿಂತಾಗ ಉಳಿದವರ ಕೈಗಿಂತ ಕಡಮೆ ಬೆವರಿತು. ವಿಚಿತ್ರವೆಂದರೆ ‘ಅಂಜಿಕೆ ಎಷ್ಟಿದೆ’ ಎಂದು ಕೇಳಿದರೆ ಎಲ್ಲರ ಉತ್ತರವೂ ಹೆಚ್ಚುಕಡಮೆ ಒಂದೇ ಆಗಿತ್ತು. ಬಾಯಿಗಿಂತ ಮೊದಲು ಮೈ ಕಲಿತಿತ್ತು.

ಇದನ್ನು ಓದಿದಾಗ ಕನ್ನಡ ಪಂಡಿತನಾದ ನನಗೆ ನನ್ನ ಕೈಯಲ್ಲಿಯೇ ಇದ್ದ ಭಂಡಾರದ ನೆನಪಾಯಿತು. ಅಂಜಿಕೆ, ಅಳುಕು, ದಿಗಿಲು, ಕಳವಳ, ತಲ್ಲಣ, ಗಾಬರಿ, ಬೆದರು, ಕೊರಗು, ಅಳಲು, ಮರುಗು, ಬೇಗೆ: ಎಷ್ಟು ಮಾತುಗಳು! ನಾವು ಇವುಗಳನ್ನು ಸಮಾನಾರ್ಥಕಗಳೆಂದು ಬರೆಸಿ ಅಂಕ ಕೊಡುತ್ತೇವೆ. ಅವು ಸಮಾನವಲ್ಲ. ತಲ್ಲಣಿಸುವವನಿಗೆ ಬೇಕಾದದ್ದು ಒಂದು, ಕೊರಗುವವನಿಗೆ ಬೇಕಾದದ್ದು ಇನ್ನೊಂದು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಅಳುಕನ್ನೂ ಅಳಲನ್ನೂ ಮುಚ್ಚಿಡದೆ, ಆಡುಮಾತಿನಲ್ಲಿಯೇ ಅವುಗಳನ್ನು ಹೆಸರಿಸಿ ತಮ್ಮ ದೇವರ ಮುಂದಿಟ್ಟರು. ಆ ವಚನಗಳನ್ನು ನಮ್ಮ ಮಕ್ಕಳು ದಿನವೂ ಪ್ರಾರ್ಥನೆಯಲ್ಲಿ ಹೇಳುತ್ತಾರೆ. ತಮ್ಮ ಅಳಲನ್ನು ಹಾಗೆ ಹೇಳಿಕೊಳ್ಳಬಹುದೆಂಬುದನ್ನು ಮಾತ್ರ ನಾವು ಅವರಿಗೆ ಕಲಿಸಿಲ್ಲ.

ಇಷ್ಟರಿಂದ ‘ಎಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು’ ಎಂದು ನಾನು ಹೇಳುತ್ತಿಲ್ಲ. ಭರತಮುನಿ ಹೇಳಹೊರಟುದು ರಂಗದ ಮೇಲಿನ ಭಾವವನ್ನು; ಮಿದುಳನ್ನು ಕುರಿತು ಆತ ಬರೆದಿಲ್ಲ. ಕಾವ್ಯದ ಭಾವಕ್ಕೂ ಬದುಕಿನ ಭಾವಕ್ಕೂ ಇರುವ ಅಂತರವನ್ನು ನಮ್ಮ ಶಾಸ್ತ್ರಕಾರರೇ ಕಂಡಿದ್ದರು. ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳುವ ಅಭಿನವಗುಪ್ತನು, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಅವುಗಳಲ್ಲೊಂದಾಗಿ ಎಣಿಸಿದ್ದಾನೆ. ಆ ದಿನ ತರಗತಿಯಲ್ಲಿ ಉಳಿದ ಮಕ್ಕಳಿಗೆ ಮಳೆ ಒಂದು ವರ್ಣನೆ. ಆತನಿಗೆ ಅದು ವರ್ಣನೆಯಾಗಿರಲಿಲ್ಲ. ಸಹೃದಯನಾಗಲು ಬೇಕಾದ ದೂರವೇ ಆತನಿಗಿರಲಿಲ್ಲ. ಆ ದೂರವನ್ನು, ಕೈ ಹಿಡಿದು, ಅಂಗುಲ ಅಂಗುಲವಾಗಿ ಸಂಪಾದಿಸಿ ಕೊಡುವುದೇ ಮನೋಚಿಕಿತ್ಸೆಯ ಕೆಲಸವೆಂದು ನನಗೆ ತೋರುತ್ತದೆ.

ವಿಜ್ಞಾನದ ಕಡೆಯಿಂದಲೂ ಒಂದು ಎಚ್ಚರಿಕೆ ಅಗತ್ಯ. ಅಮಿಗ್ಡಲವೇ ಭಯದ ಮನೆಯೆಂದು ಹೇಳಿಬಿಡುವುದು ಸುಲಭ. ಆದರೆ ಅದು ಎರಡು ಕಡೆಯೂ ನಾಶವಾಗಿದ್ದ, ಹಾವನ್ನು ಕಂಡರೂ ಅಂಜದ ಒಬ್ಬ ಹೆಂಗಸಿಗೆ ಇಂಗಾಲಾಮ್ಲ ಬೆರೆತ ಗಾಳಿಯನ್ನು ಉಸಿರಾಡಿಸಿದಾಗ ಆಕೆ ಬಹುವಾಗಿ ಗಾಬರಿಗೊಂಡಳೆಂದು 2013ರಲ್ಲಿ ಪ್ರಕಟವಾಯಿತು. ಲೆಡೂ ಅವರೇ ಮುಂದೆ, ಅಮಿಗ್ಡಲ ಮಾಡುವುದು ದೇಹದ ರಕ್ಷಣೆಯ ಕೆಲಸ. ‘ನಾನು ಅಂಜಿದ್ದೇನೆ’ ಎಂಬ ಅನುಭವಕ್ಕೆ ಮಿದುಳಿನ ತೊಗಟೆಯೂ ಬೇಕು ಎಂದು ತಿದ್ದಿ ಹೇಳಿದರು. ಆಧುನಿಕರಿಗೂ ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳುವ ವಿನಯ ಬೇಕಾಗುತ್ತದೆಂಬುದು ನನಗೆ ಸಮಾಧಾನ ತಂದಿತು. ಇನ್ನೊಂದು ಮಾತು: ಇದನ್ನೋದಿದ ಅಧ್ಯಾಪಕರು ತಾವೇ ಚಿಕಿತ್ಸೆಗೆ ಕೈಹಾಕಬಾರದು. ತರಬೇತಿಲ್ಲದವನು ಅಂಜಿದ ಮಗುವನ್ನು ಅಂಜಿಕೆಯ ಮುಂದೆ ನಿಲ್ಲಿಸುವುದೆಂದರೆ, ನಾನು ಮೊದಲ ದಿನ ಮಾಡಿದ ಕೆಲಸವೇ ಆದೀತು. ಈಗ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆ 2022ರಿಂದ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಅಧ್ಯಾಪಕನ ಕೆಲಸ ಗುರುತಿಸುವುದು, ಕರೆದೊಯ್ಯುವುದು, ಪಕ್ಕದಲ್ಲಿ ಕೂಡುವುದು.

ಆ ಹುಡುಗ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ, ಮುಂದೆ ಓದಿ, ಈಗ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾನೆ. ಪೂರ್ತಿ ಗುಣವಾಯಿತೇ ಎಂದು ಕೇಳಿದರೆ, ಇಲ್ಲವೆಂದೇ ಆತ ಹೇಳುತ್ತಾನೆ. ಪ್ರತಿ ವರ್ಷದ ಮೊದಲ ದೊಡ್ಡ ಮಳೆಗೆ ಈಗಲೂ ಎದೆ ಒಮ್ಮೆ ಝಲ್ಲೆನ್ನುತ್ತದಂತೆ. ಊರಲ್ಲಿ ಹೊಸ ಮನೆಯನ್ನು ಸಿಮೆಂಟಿನಿಂದ ಕಟ್ಟಿಸಿದ್ದರೂ ಕೊಟ್ಟಿಗೆಗೆ ತಗಡನ್ನೇ ಹಾಕಿಸಿದ್ದಾನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಫೋನು ಮಾಡಿದ. ಆ ಕಡೆಯಿಂದ ತಗಡಿನ ಸದ್ದು ಕೇಳುತ್ತಿತ್ತು. "ಎಷ್ಟಪ್ಪ?" ಎಂದೆ. "ಎರಡ್ರಿ ಸರ. ಆಯಿ ನೆನಪಾಗ್ಯಾಳ್ರಿ, ಅಷ್ಟ" ಎಂದ. ಇಬ್ಬರೂ ಸ್ವಲ್ಪ ಹೊತ್ತು ಮಾತಿಲ್ಲದೆ ಮಳೆಯನ್ನು ಕೇಳಿದೆವು.

ನಮ್ಮ ಕೊಠಡಿಯ ತಗಡಿನ ಮಾಡು ಹೋಗಿ ಈಗ ಗಟ್ಟಿ ಛಾವಣಿ ಬಂದಿದೆ, ದಾನಿಗಳ ಉಪಕಾರ. ನಾನು ಈಗಲೂ ಎಂಟು ಸಾತ್ತ್ವಿಕ ಭಾವಗಳನ್ನು ಪಾಠ ಮಾಡುತ್ತೇನೆ. ಮಾಡುವಾಗ ಕಪ್ಪುಹಲಗೆಗೆ ಬೆನ್ನು ಹಾಕಿ, ಮಕ್ಕಳ ಕಡೆಗೆ ಮುಖ ಮಾಡಿ ನಿಲ್ಲುತ್ತೇನೆ. ಕೊನೆಯ ಸಾಲಿನವರೆಗೂ ಒಮ್ಮೆ ಕಣ್ಣಾಡಿಸಿದ ಮೇಲೆಯೇ ಒಂದನೆಯದನ್ನು ಹೇಳುತ್ತೇನೆ.